ಮೂವತ್ತನೇ ದಿನದ ಅಯಿರೆ ಮೀನು

ಬಾಣಂತಿಗೆ ಮೂವತ್ತು ದಿನ ತುಂಬಿದಾಗ ಹೊಳೆಯ ಅಯಿರೆ ಮೀನಿನ ಸಾರು ಬಡಿಸಬೇಕು ಎಂಬುದು ತಮಿಳು ಸೀಮೆಯ ಹನುಮಂತನಪಟ್ಟಿಯಲ್ಲಿ ನೆಲೆಸಿದ ಕನ್ನಡ ಮಾತಿನ ರಾಮಸಾಮಿಯವರ ಮನೆಯ ಪದ್ಧತಿ. ಯಾರು ಶುರು ಮಾಡಿದ್ದು, ಯಾವ ಕಾಲದಲ್ಲಿ ಎಂದು ಕೇಳಿದರೆ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಷರತ್ತುಗಳು ಮಾತ್ರ ಎಲ್ಲರಿಗೂ ಬಾಯಿಪಾಠ. ಮೀನು ಪೇಟೆಯಿಂದ ತಂದದ್ದಾಗಿರಬಾರದು. ಮನೆಯ ಹಿರಿಯ ಗಂಡಸು ತಾನೇ ಹೊಳೆಗೆ ಇಳಿದು ಹಿಡಿಯಬೇಕು. ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತನ್ನು ಅವನೇ ಬಾಣಂತಿಯ ಕೈಗೆ ಹಾಕಬೇಕು. ರಾಮಸಾಮಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಹೀಗೆ ತುತ್ತು ಹಾಕಿದವರು. ಈಗ ಮೊಮ್ಮಗಳು ಅಭಿರಾಮಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿ ಎಂಟು ದಿನವಾಗಿತ್ತು. ಎಪ್ಪತ್ತಾರರ ಮುದುಕ ಅಟ್ಟದ ಮೇಲಿನ ಬಲೆಯನ್ನು ಕೆಳಗಿಳಿಸಿ ಅಂಗಳದಲ್ಲಿ ಹರಡಿಕೊಂಡು ಕುಳಿತರು. ಮನೆಯ ನೆಮ್ಮದಿ ಕೆಟ್ಟದ್ದು ಅಲ್ಲಿಂದ.

"ಮಾಮ, ಏನಿದು?" ಎಂದಳು ಸೊಸೆ ಮುತ್ತುಸೆಲ್ವಿ. ಬಾಣಂತಿಗೆ ಬೆಳ್ಳುಳ್ಳಿ ಗಂಜಿ ಒಯ್ಯುತ್ತಿದ್ದವಳು ಬಟ್ಟಲು ಹಿಡಿದೇ ನಿಂತಳು.

"ಬಲೆ."

"ಬಲೆ ಅಂತ ಗೊತ್ತದೆ. ಯಾಕೆ ಅಂತ ಕೇಳ್ತಿದೀನಿ."

"ಯಾಕಂದ್ರೆ? ಮೂವತ್ತಕ್ಕೆ ಅಯಿರೆ ಬ್ಯಾಡ್ವಾ?"

"ಆ ಒಳೆ ಮೀನು ನನ್ನ ಮಗಳ ಬಾಯಿಗೆ ಓಗೋದಿಲ್ಲ. ಬೇಕಾದ್ರೆ ತೇನಿಯಾಗೆ ಸಾಕಿದ ಅಯಿರೆ ಮಾರ್ತಾರೆ, ಇವ್ರು ತತ್ತಾರೆ."

ಇವ್ರು ಎಂದರೆ ಅವಳ ಗಂಡ ಸೆಂದಿಲ್‌ಕುಮಾರ್. ದ್ರಾಕ್ಷಿ ತೋಟಕ್ಕೆ ಹೊರಟಿದ್ದವನು ತನ್ನ ಹೆಸರು ಎದ್ದ ಕೂಡಲೇ ಚಪ್ಪಲಿ ಮೆಟ್ಟಿ ಗೇಟು ದಾಟಿಬಿಟ್ಟ. ಮನೆಯಲ್ಲಿ ಎರಡು ದನಿ ಏರಿದರೆ ತೋಟದಲ್ಲಿ ಕೆಲಸ ಇದ್ದೇ ಇರುತ್ತದೆ ಅವನಿಗೆ.

"ಸಾಕಿದ್ದು ಮೀನಾ?" ಎಂದರು ಮುದುಕರು. "ತೊಟ್ಟಿಯಾಗೆ ಉಟ್ಟಿ, ತೊಟ್ಟಿಯಾಗೆ ತಿಂದು, ತೊಟ್ಟಿಯಾಗೆ ಸತ್ತದ್ದು. ಕೈ ಒಳೆಯಾಗೆ ನೆನೀಬೇಕು ಕಣಮ್ಮ. ಅದು ನಮ್ಮನೆ ಮುರೆ, ಪದ್ದತಿ."

ಒಳಗಿನಿಂದ ಅಭಿರಾಮಿ ತಮಿಳು ಬೆರೆಸಿ ಕೂಗಿದಳು. ಮನೆಯ ಕನ್ನಡ ಅವಳಿಗೆ ಪೂರಾ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಅರ್ಧ. "ತಾತಾ, ವೇಣಾಂ. ನನಗೆ ಕೋಳಿ ಸಾರೇ ಸಾಕು."

"ನೀನು ಸುಮ್ನೆ ಮಲಗು, ಕಣ್ಣು. ನಿನ್ನ ಕೇಳಿ ಯಾರೂ ಮಾಡ್ತಿಲ್ಲ" ಎಂದರು ತಾತ. ಅದೇನೋ ನಿಜ. ಮೂವತ್ತು ದಿನವೂ ಅವಳನ್ನು ಯಾರೂ ಏನನ್ನೂ ಕೇಳಲಿಲ್ಲ.

ಮುತ್ತುಸೆಲ್ವಿ ಊರ ಬಾಲವಾಡಿಯಲ್ಲಿ ಟೀಚರು. ಕೈ ತೊಳೆಯಿರಿ, ನೀರು ಕಾಯಿಸಿ ಕುಡಿಯಿರಿ ಎಂದು ಇಪ್ಪತ್ತು ವರ್ಷಗಳಿಂದ ಬೇರೆಯವರ ಮಕ್ಕಳಿಗೆ ಹೇಳಿ ಹೇಳಿ ಅವಳ ಗಂಟಲು ಒರಟಾಗಿತ್ತು. ಆ ಗಂಟಲು ಈ ಸಲ ಸೋಲುವ ಹಾಗಿರಲಿಲ್ಲ. ಮುದುಕರೂ ಹಟದಲ್ಲಿ ಕಡಿಮೆಯವರಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡವರು ರಾಮಸಾಮಿಯವರ ಹೆಂಡತಿ ದೈವಾನೈ. ಅವರು ಎರಡು ಕಡೆಗೂ ಹೂಂ ಎನ್ನುತ್ತ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು.

ಮರುದಿನ ಬೆಳಗ್ಗೆ ರಾಮಸಾಮಿ ಹೊಳೆಗೆ ಹೋದರು. ಜೊತೆಗೆ ಹಳೆಯ ಗೆಳೆಯ ಗುರುಸಾಮಿ. ಅಯಿರೆ ಎಂದರೆ ಬೆರಳುದ್ದದ, ಕಡ್ಡಿಯಂಥ ಮೀನು. ಗಾಳಕ್ಕೆ ಬೀಳುವುದಿಲ್ಲ, ಮರಳಿನೊಳಗೆ ಹೂತುಕೊಂಡಿರುತ್ತದೆ. ಇಬ್ಬರು ಬಲೆಯ ಎರಡು ತುದಿ ಹಿಡಿದು ತಗ್ಗು ನೀರಿನಲ್ಲಿ ಬಾಗಿ ನಿಂತರೆ, ಮೂರನೆಯವನು ಮೇಲ್ಗಡೆಯಿಂದ ಮರಳನ್ನು ಕಾಲಲ್ಲಿ ಕೆದರುತ್ತ ಬರಬೇಕು. ಅವರ ಹರೆಯದ ಕಾಲದಲ್ಲಿ ಬಲೆ ಇರಲಿಲ್ಲ, ಹಳೆಯ ಪಂಚೆಯೇ ಬಲೆ. ನಾಟಿ ಮುಗಿದು ಕೈ ಖಾಲಿಯಾದ ತಿಂಗಳಲ್ಲಿ ಬೀದಿಯ ಗಂಡಸರೆಲ್ಲ ಹೊಳೆಯಲ್ಲೇ. ಒಂದು ಹೊತ್ತು ಕೆದರಿದರೆ ಒಂದು ಸೋರೆಬುರುಡೆ ತುಂಬ ಅಯಿರೆ. ಬಂಡೆಯ ಸಂದಿಯಲ್ಲಿ ಕೊರವ ಮೀನು, ಮಳೆ ಬಂದ ವಾರ ಹಾವುಮೀನು. ರಾಮಸಾಮಿ ಬೇಸಾಯದವರು, ಮೀನುಗಾರರಲ್ಲ. ಆದರೂ ತನ್ನ ಗದ್ದೆಯ ಬದುಗಳಿಗಿಂತ ಹೊಳೆಯ ಮರಳೇ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಮರಳೇ ಇಲ್ಲ. ಮರಳು ಇದ್ದ ಜಾಗದಲ್ಲಿ ಕರಿ ಕೆಸರು, ಕೆಸರಿನಲ್ಲಿ ಔಷಧದ ಡಬ್ಬಿ, ಶಾಂಪೂ ಚೀಟಿ, ಯಾರದೋ ಮದುವೆಯ ಪ್ಲಾಸ್ಟಿಕ್ ಲೋಟಗಳ ಸಾಲು. ಇಬ್ಬರು ಮುದುಕರು ಮೊಣಕಾಲಿನವರೆಗೆ ಇಳಿದು ಮಧ್ಯಾಹ್ನದ ತನಕ ಕೆದರಿದರು. ಸಿಕ್ಕಿದ್ದು ಎರಡು ಜಿಲೇಬಿ ಮೀನು. ಎಂಥ ಕೊಳಕಿನಲ್ಲೂ ಬೆಳೆಯುವ ಜಾತಿ ಅದು. ಗುರುಸಾಮಿಯೇ ಅದನ್ನು ಬೇಡವೆಂದರು.

ಸಂಜೆಗೆ ರಾಮಸಾಮಿಯವರ ಕಾಲು ಕೆಂಪಗಾಗಿ ತುರಿಸತೊಡಗಿತು.

"ಕೂಸಿನ ಅತ್ರ ಬರ್ಬೇಡಿ" ಎಂದಳು ಮುತ್ತುಸೆಲ್ವಿ. "ಇತ್ಲಲ್ಲಿ ಮೀಯಿರಿ. ಸೋಪು ಬೇರೆ ಮಡಗಿದೀನಿ, ಟವಲೂ ಬೇರೆ."

"ನನ್ನ ಮನೆಯಾಗೆ ನನಗೆ ಬೇರೆ ಸೋಪಾ?"

"ಅಲ್ಲ, ಆ ಒಳೆಗೆ ಬೇರೆ ಸೋಪು. ನಿಮಗಲ್ಲ."

ದೈವಾನೈ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ತಂದು ಗಂಡನ ಕಾಲಿಗೆ ಹಚ್ಚಿದರು. "ಇಷ್ಟು ಎಣ್ಣೆಯಾಗೆ ಕೂಸಿಗೆ ನಾಲ್ಕು ದಿನ ಆಯ್ತಿತ್ತು" ಎಂದು ಗೊಣಗುತ್ತಲೇ ಹಚ್ಚಿದರು. ಮರುದಿನ ಅದೇ ಕಾಲುಗಳು ಮತ್ತೆ ಹೊಳೆಗೆ ಹೋದವು.

ಹೀಗೆ ಎರಡು ವಾರ. ಅಡಿಗೆಮನೆಯಲ್ಲಿ ಬಾಣಂತಿಯ ಪಥ್ಯದ ಅಡಿಗೆ ಒಂದು, ಉಳಿದವರದು ಒಂದು, ತುರಿಕೆಗೆ ಬದನೆಕಾಯಿ ಆಗದು ಎಂದು ಮುದುಕರದು ಇನ್ನೊಂದು. ಹಿತ್ತಲಿನಲ್ಲಿ ಕೆಸರು ಮೆತ್ತಿದ ಪಂಚೆಗಳ ರಾಶಿ. ಮುತ್ತುಸೆಲ್ವಿ ಬಾಲವಾಡಿಯಿಂದ ಬಂದವಳೇ ಆ ರಾಶಿಗೆ ಒದ್ದು ಒಳಗೆ ಹೋಗುವಳು. ಇದರ ಮೇಲೆ ಪೆರಿಯಕುಳಂನಿಂದ ಅಭಿರಾಮಿಯ ಅತ್ತೆ ಪೊನ್ನಮ್ಮಾಳ್ ದಿನವೂ ಫೋನು ಮಾಡುತ್ತಿದ್ದರು.

"ಏನು ಸಂಬಂದಿ, ಮೂವತ್ತಕ್ಕೆ ನಾವು ಹತ್ತು ಜನ ಬತ್ತೀವಿ. ನಿಮ್ಮನೆ ಅಯಿರೆ ಸಾರಿನ ಸುದ್ದಿ ನಮ್ಮ ಬೀದಿಗೆಲ್ಲ ಯೇಳ್ಬುಟ್ಟಿದೀನಿ."

"ಬನ್ನಿ, ಬನ್ನಿ" ಎಂದು ಮುತ್ತುಸೆಲ್ವಿ ಫೋನು ಇಟ್ಟು ಗಂಡನ ಕಡೆ ತಿರುಗುವಳು. "ಏನುಂಗ, ನಿಮ್ಮಪ್ಪನಿಗೆ ಒಂದು ಮಾತು ಯೇಳೋಕೆ ಆಗಲ್ವಾ ನಿಮಗೆ?"

"ಯೇಳಿದೆ."

"ಏನಂದ್ರು?"

"ನಿನಗೆ ಯೇಳೋಕೆ ಯೇಳಿದ್ರು."

ಇಂಥ ಗಂಡನನ್ನು ಕಟ್ಟಿಕೊಂಡು ಇಪ್ಪತ್ತೈದು ವರ್ಷ ಹೇಗೆ ಕಳೆದೆನೋ ಎಂದು ಅವಳಿಗೆ ಆಗಾಗ ಅಚ್ಚರಿಯಾಗುತ್ತಿತ್ತು. ಅವನಿಂದ ಒಂದೇ ಒಂದು ಕೆಲಸ ಚೆನ್ನಾಗಿ ಆಗಿದೆ ಎಂದು ಅವಳು ಒಪ್ಪುತ್ತಿದ್ದಳು, ಅದು ಹೊಸ ಬಚ್ಚಲು. ಹಿತ್ತಲಿನ ಮೂಲೆಯಲ್ಲಿದ್ದ ಹಳೆಯ ಗುಂಡಿ ಕಕ್ಕಸನ್ನು ಕೆಡವಿ, ಮಗಳ ಹೆರಿಗೆಗೆ ಮೊದಲು, ಅವಳ ಕೋಣೆಗೇ ಹೊಂದಿಕೊಂಡಂತೆ ಬಿಳಿ ಟೈಲ್ಸ್ ಹಾಕಿದ ಬಚ್ಚಲು ಕಕ್ಕಸು ಕಟ್ಟಿಸಿದ್ದ. ಹತ್ತೇ ದಿನದಲ್ಲಿ. ಹಿತ್ತಲಿನಲ್ಲಿ ಮಲದ ಗುಂಡಿಯ ಮೇಲೆ ಚೌಕನೆಯ ಸಿಮೆಂಟ್ ಚಪ್ಪಡಿ, ಅದರ ಮೂಲೆಯಲ್ಲಿ ಗಾಳಿ ಕೊಳವೆ. ಬಚ್ಚಲಿಗೆ ಅವಳು ದಿನವೂ ಸುರಿಯುವ ನಿಂಬೆಹಣ್ಣಿನ ಫಿನಾಯಿಲಿನದು ಬಿಟ್ಟರೆ ಒಂದು ಚೂರು ವಾಸನೆ ಇಲ್ಲ. ಆ ಚಪ್ಪಡಿಯ ಮೇಲೆ ಅವಳು ಸಂಡಿಗೆ ಒಣಹಾಕುತ್ತಿದ್ದಳು. ಗುಂಡಿ ಅಂದ್ರೆ ಹಿಂಗಿರ್ಬೇಕು ಎಂದು ಬಾಲವಾಡಿಯ ತಾಯಂದಿರನ್ನು ಕರೆದು ತೋರಿಸಿಯೂ ಇದ್ದಳು.

ಇಪ್ಪತ್ತೆರಡನೇ ದಿನ ರಾಮಸಾಮಿ ಮಧ್ಯಾಹ್ನ ಮನೆಗೆ ಬಂದಾಗ ಅವರ ಮುಖವೇ ಬೇರೆಯಾಗಿತ್ತು. ತಲೆಯ ಮೇಲೆ ಒದ್ದೆ ಟವಲು ಮುಚ್ಚಿದ ಅಲ್ಯೂಮಿನಿಯಂ ಪಾತ್ರೆ. ಅಂಗಳದಲ್ಲಿ ಇಳಿಸಿ ಟವಲು ಸರಿಸಿದರು. ಅರ್ಧ ಪಾತ್ರೆ ಅಯಿರೆ, ಜೀವಂತ. ಹೊಟ್ಟೆ ಉಬ್ಬಿದ, ಹೊಳೆಯುವ ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು.

"ದೈವಾನೈ, ಬಾ ಇಲ್ಲಿ. ಒಳೆ ಸತ್ತೋಯ್ತು ಅಂದೋರ್ನೆಲ್ಲ ಕರಿ."

ದೈವಾನೈಗೆ ನಿಜಕ್ಕೂ ಸಂತೋಷವಾಯಿತು. ಎಷ್ಟೋ ವರ್ಷಗಳಿಂದ ಅವರು ಜೀವಂತ ಅಯಿರೆ ಕಂಡಿರಲಿಲ್ಲ. ಅಭಿರಾಮಿಯೂ ಕೂಸನ್ನು ಎತ್ತಿಕೊಂಡು ಬಾಗಿಲವರೆಗೆ ಬಂದಳು. ಮುತ್ತುಸೆಲ್ವಿ ಕೂಡ, ಬೇಡ ಬೇಡವೆನ್ನುತ್ತಲೇ, ಬಗ್ಗಿ ನೋಡಿದಳು.

ಅಯಿರೆ ಮಣ್ಣು ತಿನ್ನುವ ಮೀನು. ಅದನ್ನು ಕೊಯ್ದು ತೊಳೆಯಲಾಗುವುದಿಲ್ಲ, ಅಷ್ಟು ಸಣ್ಣದು. ಬದುಕಿರುವಾಗಲೇ ಉಪ್ಪು ಹಾಕಿದ ಹಾಲಿನಲ್ಲಿ ಬಿಡಬೇಕು. ಹಾಲು ಕುಡಿದು ಹೊಟ್ಟೆಯ ಮರಳನ್ನೆಲ್ಲ ಅದೇ ಕಕ್ಕುತ್ತದೆ. ಈ ಸಲದ್ದು ಬಾಣಂತಿಗಲ್ಲ, ಬರೀ ರುಚಿ ನೋಡಲಿಕ್ಕೆ ಎಂದು ಮುದುಕರು ಸೊಸೆಯನ್ನು ಒಪ್ಪಿಸಿದರು. ದೈವಾನೈ ಕೂಸಿನ ತಾಯಿಗೆ ತೆಗೆದಿಟ್ಟ ಅರ್ಧ ಸೇರು ಹಾಲನ್ನೇ ಮೀನಿಗೆ ಸುರಿದರು.

ಮೀನುಗಳು ಕಕ್ಕಿದವು. ಆದರೆ ತಳಕ್ಕೆ ಕೂತದ್ದು ಮರಳಲ್ಲ. ಹಾಲು ಮೊದಲು ಬೂದಿಬಣ್ಣವಾಯಿತು, ಆಮೇಲೆ ಕಪ್ಪು ಎಳೆಗಳು ತೇಲಿಬಂದವು. ಒಂದೊಂದೇ ಮೀನು ಹೊಟ್ಟೆ ಮೇಲೆ ಮಾಡಿ ತಿರುಗಿತು. ಪಾತ್ರೆಯಿಂದ ಎದ್ದ ವಾಸನೆಗೆ ದೈವಾನೈ ಮೂಗು ಮುಚ್ಚಿಕೊಂಡರು. ಮುತ್ತುಸೆಲ್ವಿ ಮುಚ್ಚಿಕೊಳ್ಳಲಿಲ್ಲ. ಇನ್ನೂ ಹತ್ತಿರ ಹೋಗಿ ಮೂಸಿದಳು.

"ಇದು ನಿಂಬೆಅಣ್ಣಿನ ಫಿನಾಯಿಲು" ಎಂದಳು.

"ಒಳೆಯಾಗೆ ಯಾವ ನಿಂಬೆಅಣ್ಣು?" ಎಂದರು ಮುದುಕರು.

"ಮಾಮ, ಎಲ್ಲಿ ಇಡಿದ್ರಿ ಇದನ್ನ?"

ರಾಮಸಾಮಿ ಜಾಗ ಹೇಳಲು ಹಿಂಜರಿದರು. ಮೀನು ಸಿಗುವ ಜಾಗ ಹೇಳಬಾರದೆಂಬ ಹಳೆಯ ಚಾಳಿ. ಕೊನೆಗೆ ಹಿತ್ತಲ ಹಿಂದಿನ ಕಾಲುವೆಯ ಕಡೆ ಕೈ ತೋರಿಸಿ ಹೇಳಿದರು. "ನಮ್ಮ ಇತ್ಲ ಇಂದಿನ ವಾಯ್ಕಾಲು ಒಳೆಗೆ ಸೇರೋ ಬಾಯಿ. ವಾಯ್ಕಾಲು ಒಣಗದೆ. ಆದ್ರೂ ಎಲ್ಲಿಂದಲೋ ಬೆರಳುದಪ್ಪ ನೀರು ಬತ್ತಾ ಅದೆ. ಅಲ್ಲೇ ಎಲ್ಲಾ ಮೀನು ಸೇರ್ಕೊಂಡವೆ."

ಮುತ್ತುಸೆಲ್ವಿ ಊಟಕ್ಕೆ ಕುಳಿತಿದ್ದ ಗಂಡನನ್ನು ನೋಡಿದಳು. ಸೆಂದಿಲ್‌ಕುಮಾರ್ ಮಜ್ಜಿಗೆ ಅನ್ನವನ್ನು ಬಹಳ ಶ್ರದ್ಧೆಯಿಂದ ಕಲಸುತ್ತಿದ್ದ. ಅವಳು ಮೂಲೆಯ ಕಬ್ಬಿಣದ ಗಡಪಾರೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಸಂಡಿಗೆಯ ಬಟ್ಟೆಯನ್ನು ಬದಿಗೆ ಎಳೆದು, ಆ ಹಾರೆಯನ್ನು ಎರಡು ಕೈಯಿಂದ ಎತ್ತಿ ಚಪ್ಪಡಿಯ ನಡುಮಧ್ಯಕ್ಕೆ ಹಾಕಿದಳು. ಕೆಳಗೆ ಟೊಳ್ಳಿದ್ದರೆ ಬರಬೇಕಾದ ಸದ್ದು ಬರಲಿಲ್ಲ. ನಾಲ್ಕನೇ ಪೆಟ್ಟಿಗೆ ಸಿಮೆಂಟು ಬಿರಿದು ಕೆಳಗಿನ ಬಂಡೆ ಕಂಡಿತು.

ಮನೆಯವರೆಲ್ಲ ಸುತ್ತ ನಿಂತಿದ್ದರು. ಎಂಜಲು ಕೈಯಲ್ಲಿ ಸೆಂದಿಲ್‌ಕುಮಾರ್ ಕೂಡ.

"ಗುಂಡಿ ಎಲ್ಲಿ?"

"ಮೂರಡಿಗೇ ಬಂಡೆ ಸಿಕ್ತು" ಎಂದ ಅವನು. "ಒಡೆಯೋಕೆ ಒಂದು ವಾರ ಬೇಕು ಅಂದ ಮೇಸ್ತ್ರಿ. ನೀನು ಅತ್ತೇ ದಿನದಾಗೆ ಮುಗೀಬೇಕು ಅಂತ ಕುಂತಿದ್ದೆ."

"ಅದಕ್ಕೆ?"

"ಪೈಪನ್ನ ವಾಯ್ಕಾಲಿಗೆ ಬಿಟ್ವಿ. ಆಮೇಲೆ ಮಾಡ್ಸೋಣ ಅಂತ."

"ಮತ್ತೆ ಈ ಚಪ್ಪಡಿ? ಈ ಕೊಳವೆ?"

ಅವನು ಎಂಜಲು ಕೈಯನ್ನು ಒರೆಸಿಕೊಂಡ. ಇಲ್ಲದ ಗುಂಡಿಗೆ ಗಾಳಿ ಆಡಲೆಂದು ಕೊಳವೆ ನೆಟ್ಟವನು ಏನೆಂದು ಹೇಳಿಯಾನು?

ರಾಮಸಾಮಿಯವರಿಗೆ ವಿಷಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹದಿನಾಲ್ಕು ದಿನ ಹುಡುಕಿ, ಕಾಲು ಕೊಳೆಯಿಸಿಕೊಂಡು, ಅವರು ಹಿಡಿದುತಂದದ್ದು ತಮ್ಮ ಮನೆಯ ಕಕ್ಕಸಿನ ಬಾಯಲ್ಲಿ ಕೊಬ್ಬಿದ ಮೀನನ್ನು. ಮೂವತ್ತಕ್ಕೆ ಅಂಥದ್ದನ್ನೇ ಬಾಣಂತಿಯ ಕೈಗೆ ಹಾಕಲಿದ್ದವರೂ ಅವರೇ. ಮುದುಕರು ಮಗನ ಎದುರಿಗೆ ಬಂದು ನಿಂತರು.

"ಮುಚ್ಚು ಆ ಪೈಪನ್ನ. ಈಗ್ಲೇ ಮುಚ್ಚು."

"ಮುಚ್ಚಿ?" ಎಂದು ತಿರುಗಿದಳು ಮುತ್ತುಸೆಲ್ವಿ. ಗಂಡನ ಮೇಲಿದ್ದ ಸಿಟ್ಟೆಲ್ಲ ಈಗ ಮಾವನ ಕಡೆ ಹೊರಳಿತು. "ಇಪ್ಪತ್ತೆರಡು ದಿನದ ಅಸಿ ಬಾಣಂತಿ ಎಲ್ಲಿಗೆ ಓಗ್ಬೇಕು? ಒಲಿಗೆ ಆಕಿದಾರೆ ಮಾಮ ಅವಳಿಗೆ. ಒಳೆ ದಡಕ್ಕೆ ಕಳಿಸ್ಲಾ, ನಾನು ಓಗ್ತಿದ್ದಂಗೆ?"

"ಒಳೆ ಕೆಟ್ಟೋಯ್ತದಲ್ಲಮ್ಮ. ಅವಾಗ ಎಂಗಿತ್ತು ಆ ನೀರು, ಕೈಯಾಗೆ ಮೊಗೆದು ಕುಡೀತಿದ್ವಿ."

"ಕುಡೀತಿದ್ರಿ. ಮದುವೆ ಆಗಿ ಬಂದ ಮರುದಿನ ಅತ್ತೆ ಕೋಳಿ ಕೂಗೋಕೆ ಮುಂಚೆ ನನ್ನ ಎಬ್ಬಿಸಿ ಎಲ್ಲಿಗೆ ಕರ್ಕೊಂಡೋದ್ರು, ಕೇಳಿ. ಬೀದಿ ಎಂಗಸರೆಲ್ಲ ಎಲ್ಲಿ ಕುಂತ್ಕೊತಿದ್ವಿ, ಕೇಳಿ."

ರಾಮಸಾಮಿ ಹೆಂಡತಿಯನ್ನು ನೋಡಿದರು.

"ಆಲದ ಮರದ ತಾವ" ಎಂದರು ದೈವಾನೈ, ಕೂಸಿನ ಬಟ್ಟೆ ಮಡಿಸುತ್ತ. "ನಿಮ್ಮವ್ವನೂ ಅಲ್ಲೇ ಓಗ್ತಿದ್ರು."

"ಆಲದ ಮರದ ಕೆಳಗಲ್ವಾ ನಾವು ಪಂಚೆ ಇಡೀತಿದ್ದುದು?"

"ಊಂ."

"ಗೊತ್ತಿದ್ದೂ ಯೇಳಲಿಲ್ವಾ?"

"ಯೇಳಿದ್ರೆ ತಿಂತಿದ್ರಾ?"

ಅಭಿರಾಮಿಗೆ ನಗು ತಡೆಯಲಾಗಲಿಲ್ಲ. ಹೆರಿಗೆಯ ಹೊಲಿಗೆ ನೋಯುತ್ತಿದ್ದರೂ ಗೋಡೆ ಹಿಡಿದು ನಕ್ಕಳು. ಉಳಿದ ಯಾರೂ ನಗಲಿಲ್ಲ. ಮುದುಕರು ಜಗಲಿಗೆ ಹೋಗಿ ಕುಳಿತು ಯಾರಿಗೆಂದಿಲ್ಲದೆ ಹೇಳಿದರು. "ಅವಾಗ ನೀರು ಓಡ್ತಿತ್ತು. ಮೀನು ಬದುಕ್ತಿತ್ತು. ಫಿನಾಯಿಲು ಇರಲಿಲ್ಲ." ಅದೂ ಸುಳ್ಳಲ್ಲ ಎಂದು ಮುತ್ತುಸೆಲ್ವಿಗೆ ಅನಿಸಿತು. ಆದರೆ ಹೋಗಿ ಹೇಳುವಷ್ಟು ತಾಳ್ಮೆ ಆ ದಿನ ಅವಳಲ್ಲಿ ಉಳಿದಿರಲಿಲ್ಲ.

ಮಾರನೆಯ ದಿನವೇ ಬಂಡೆ ಒಡೆಯುವ ಯಂತ್ರದ ರಾಜೇಂದ್ರನ್ ಬಂದ. ಬಂದವನು ನೋಡಿ, ಇದು ಒಂದು ವಾರದ ಕೆಲಸ, ಮೊದಲೇ ಕರೆಯಬೇಕಿತ್ತು ಎಂದ. ಎಲ್ಲರೂ ಸೆಂದಿಲ್‌ಕುಮಾರನನ್ನು ನೋಡಿದರು. ಯಂತ್ರ ಶುರುವಾದರೆ ಪಾತ್ರೆಗಳು ಗೂಡಿನಿಂದ ಉದುರುತ್ತಿದ್ದವು, ಕೂಸು ಕಿರುಚಿ ನೀಲಿಯಾಗುತ್ತಿತ್ತು. ಯಂತ್ರ ನಿಂತರೆ ಕೂಸು ಮಲಗುತ್ತಿತ್ತು, ಕೂಸು ಮಲಗಿದರೆ ಯಂತ್ರ ಶುರುವಾಗುತ್ತಿತ್ತು. ಬೇಯಿಸಿದ ಎಲ್ಲದರ ಮೇಲೂ ಕಲ್ಲಿನ ಧೂಳು. ಮುತ್ತುಸೆಲ್ವಿ ಫಿನಾಯಿಲು ಸುರಿಯುವುದನ್ನು ಬಿಟ್ಟು, ಬೂದಿಯಿಂದ ಬಚ್ಚಲು ಉಜ್ಜತೊಡಗಿದಳು. ರಾಮಸಾಮಿ ಹೊಳೆಗೆ ಹೋಗಲಿಲ್ಲ. ಒಡೆದ ಕಲ್ಲನ್ನು ಬಾಂಡಲಿಯಲ್ಲಿ ಹೊತ್ತು ಹೊರಗೆ ಹಾಕುತ್ತಿದ್ದರು. ಬೇಡಪ್ಪ ಎಂದ ಮಗನ ಕೈಗೂ ಒಂದು ಬಾಂಡಲಿ ಕೊಟ್ಟರು.

ಮೂವತ್ತನೇ ದಿನ ಬಂತು. ಗುಂಡಿ ಐದಡಿಯಷ್ಟೇ ಆಗಿತ್ತು. ಪೈಪು ಇನ್ನೂ ವಾಯ್ಕಾಲಿಗೇ ಹರಿಯುತ್ತಿತ್ತು.

ಬೆಳಗ್ಗೆ ಏಳಕ್ಕೇ ಸೆಂದಿಲ್‌ಕುಮಾರ್ ತೇನಿಯಿಂದ ಸಾಕಿದ ಅಯಿರೆ ತಂದ. ಮುತ್ತುಸೆಲ್ವಿ ಮಾವನನ್ನು ಅಡಿಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು. "ಮಾಮ, ಸಂಬಂದಿಕರ ಮುಂದೆ ಮಾನ ಓಯ್ತದೆ. ಒಳೆದು ಅಂತ ನೀವು ಯೇಳ್ಬೇಡಿ, ಅಲ್ಲ ಅಂತಾನೂ ಯೇಳ್ಬೇಡಿ. ಸುಮ್ನೆ ಒಂದು ತುತ್ತು ಆಕ್ಬುಡಿ."

ಮುದುಕರು ತೇನಿಯ ಮೀನನ್ನು ಒಮ್ಮೆ ಬಗ್ಗಿ ನೋಡಿ ಜಗಲಿಗೆ ಹೋದರು.

ಪೆರಿಯಕುಳಂನಿಂದ ಹತ್ತು ಜನವೆಂದವರು ಹದಿನಾಲ್ಕು ಜನ ಬಂದರು. ಮೊದಲ ಪಂಕ್ತಿಯಲ್ಲಿ ಅಭಿರಾಮಿಯ ಎರಡು ಪಕ್ಕಕ್ಕೆ ಅವಳ ಗಂಡ ಧನಪಾಲ್ ಮತ್ತು ಅತ್ತೆ ಪೊನ್ನಮ್ಮಾಳ್. ಹುಣಸೆ ಹಾಕಿ ಕುದಿಸಿದ ಅಯಿರೆ ಸಾರಿನ ಘಮ ನಡುಮನೆಗೆಲ್ಲ ಹರಡಿತ್ತು.

"ಇದೇ ವಾಸನೆ ನೋಡಿ ನಾನು ಯೇಳ್ತಿದ್ದುದು" ಎಂದರು ಪೊನ್ನಮ್ಮಾಳ್ ಪಕ್ಕದವರಿಗೆ. "ಪೇಟೆ ಮೀನಿಗೆ ಈ ವಾಸನೆ ಬತ್ತದಾ? ಆಕಿ ಮಾಮ, ಕೂಸಿನ ತಾಯಿ ಕಾಯ್ತಾ ಅವ್ಳೆ."

ರಾಮಸಾಮಿ ಅನ್ನಕ್ಕೆ ಸಾರು ಕಲಸಿದರು. ತುತ್ತು ಕಟ್ಟಿದರು. ಅಭಿರಾಮಿ ಕೈ ಒಡ್ಡಿದಳು. ತುತ್ತು ಹಿಡಿದ ಕೈ ಅವಳ ಕೈಯ ಮೇಲೆಯೇ ನಿಂತಿತು. ಮುತ್ತುಸೆಲ್ವಿ ಕಣ್ಣಲ್ಲೇ ಬೇಡಿಕೊಂಡಳು.

"ಇದು ಪೇಟೆದು" ಎಂದರು ಮುದುಕರು.

"ಅಪ್ಪಾ" ಎಂದ ಸೆಂದಿಲ್‌ಕುಮಾರ್.

"ನೀ ಸುಮ್ನಿರು. ಒಳೆಯಾಗೆ ಅಯಿರೆ ಅದೆ ಸಂಬಂದಿ, ನಾನೇ ಇಡಿದೆ. ಆದ್ರೆ ಅದು ಇದ್ದುದು ನಮ್ಮನೆ ಕಕ್ಕಸು ಬೀಳೋ ತಾವ. ನನ್ನ ಮಗ ಗುಂಡಿ ತೋಡದೆ ಪೈಪು ಬಿಟ್ಟಿದ್ದ. ಈಗ ತೋಡ್ತಾ ಅವ್ನೆ. ನನ್ನ ಕೈಯಾರೆ ಒಳೆ ಮೀನು ಆಕೋ ಮುರೆ ನನ್ನ ಕಾಲಕ್ಕೆ ಮುಗೀತು. ಅದನ್ನ ಮುಚ್ಚಿಟ್ಟು ಈ ಮಗೀಗೆ ಸುಳ್ಳು ತುತ್ತು ಆಕಲಾರೆ." ಅವರ ಕಣ್ಣು ತುಂಬಿತ್ತು. "ಪೇಟೆದು ಅಂತ ಗೊತ್ತಾಯ್ತಲ್ಲ ಕಣ್ಣು. ಈಗ ತಿಂತೀಯ?"

"ಹಾಕಿ ತಾತಾ. ಕೈ ನೋಯ್ತದೆ" ಎಂದಳು ಅಭಿರಾಮಿ. ತುತ್ತು ಹಾಕಿಸಿಕೊಂಡು ತಿಂದಳು.

ಊಟ ಬಿಟ್ಟು ಯಾರು ಮೊದಲು ಏಳುತ್ತಾರೋ ಎಂದು ಮುತ್ತುಸೆಲ್ವಿ ಸಾರಿನ ಸೌಟು ಹಿಡಿದು ಕಾದಳು. ಯಾರೂ ಏಳಲಿಲ್ಲ. ಪೊನ್ನಮ್ಮಾಳ್ ಏನನ್ನೋ ಯೋಚಿಸುತ್ತಿದ್ದವರು ಸೊಸೆಯ ತಲೆಯ ಮೇಲಿನಿಂದ ಮಗನ ಕಡೆ ಬಗ್ಗಿದರು.

"ಧನಪಾಲು, ನಮ್ಮನೇದು ಎಲ್ಲಿಗೆ ಓಯ್ತದೆ?"

"ಯಮ್ಮಾ, ಊಟ ಮಾಡು."

"ಮದುವೆಗೆ ಮುಂಚೆ ಕಟ್ಟಿಸ್ದಲ್ಲ, ಮೇಲಿನ ಬಚ್ಚಲು. ಅದರ ಪೈಪು ಗೋಡೆ ಇಂದಕ್ಕೆ ಇಳೀತದಲ್ಲ, ಆಮೇಲೆ ಎಲ್ಲಿಗೆ ಓಯ್ತದೆ?"

ಧನಪಾಲ್ ಎಲೆಯ ಮೇಲಿನ ಉಪ್ಪಿನಕಾಯಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದ. "ಎಲ್ರ ಮನೇದೂ ಓಗೋ ಕಡೆಗೇ ಓಯ್ತದೆ" ಎಂದ.

ಅಭಿರಾಮಿ ಅನ್ನ ಕಲಸುವುದನ್ನು ನಿಲ್ಲಿಸಿದಳು. ಈಗಲೂ ಅವಳನ್ನು ಯಾರೂ ಕೇಳಿರಲಿಲ್ಲ, ಆದರೂ ಮಾತಾಡಿದಳು, ಅದೂ ಎಲ್ಲರಿಗೂ ಅರ್ಥವಾಗಲೆಂದು ಮನೆಯ ಕನ್ನಡದಲ್ಲಿ, ನಿಧಾನವಾಗಿ. "ಗುಂಡಿ ತೋಡ್ಸಿ ಆಮೇಲೆ ಬನ್ನಿ ಕರ್ಕೊಂಡೋಗೋಕೆ. ನಾನೂ ಕೂಸೂ ಅಲ್ಲೀತನಕ ಇಲ್ಲೇ ಇರ್ತೀವಿ."

"ಎಷ್ಟು ದಿನ ಆಯ್ತದೆ ಮಾಮ, ಗುಂಡಿಗೆ?" ಧನಪಾಲ್ ಮೆಲ್ಲಗೆ ಮಾವನನ್ನು ಕೇಳಿದ.

"ಬಂಡೆ ಸಿಕ್ಕಿದ್ರೆ ಒಂದು ವಾರ ಮೇಲೇ, ಮಾಪ್ಳೆ" ಎಂದು ಸೆಂದಿಲ್‌ಕುಮಾರ್ ತಲೆ ಎತ್ತದೆ ಅಳಿಯನಿಗೆ ಹೇಳಿದ. ಆಮೇಲೆ ರಾಜೇಂದ್ರನ್‌ನ ಫೋನ್ ನಂಬರನ್ನು ಒಂದೊಂದೇ ಅಂಕೆ ಬಿಡಿಸಿ ಹೇಳಿದ. ಧನಪಾಲ್ ಎಡಗೈಯಲ್ಲಿ ಫೋನು ತೆಗೆದು ಬರೆದುಕೊಂಡ.